ಕೊನೆ ತೂಬಿನವರೆಗೆ

2025ರ ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮೈಸೂರಿನಲ್ಲಿ ಪ್ಯಾಸೆಂಜರ್ ರೈಲು ಹತ್ತಿ ಮದ್ದೂರಿಗೆ ಹೊರಟೆ. ಗ್ರಾಮೀಣ ಶಾಖೆಗಳಲ್ಲಿ ಮೂವತ್ತು ವರ್ಷ ಬೆಳೆಸಾಲದ ಕಡತ ನೋಡಿದವನಿಗೆ ನಿವೃತ್ತಿಯ ನಂತರವೂ ಒಂದು ಕುತೂಹಲ ಉಳಿದಿತ್ತು. ಹವಾಮಾನ ಬದಲಾವಣೆಯ ಹೆಸರಿನಲ್ಲಿ ದೊಡ್ಡ ಸಮ್ಮೇಳನಗಳಲ್ಲಿ ಘೋಷಣೆಯಾಗುವ ಹಣ ಕೃಷ್ಣರಾಜಸಾಗರ ಕಟ್ಟೆಯಿಂದ ಹೊರಡುವ ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತನಿಗೆ ಯಾವ ರೂಪದಲ್ಲಿ ತಲುಪುತ್ತದೆ? ನನ್ನ ಹಳೆಯ ಗ್ರಾಹಕರೊಬ್ಬರು ಫೋನು ಮಾಡಿ, ಯಾವುದೋ ಕಂಪನಿಯವರು ತಮ್ಮ ಗದ್ದೆಯಲ್ಲಿ ಪೈಪು ನೆಟ್ಟು ಹೋಗಿದ್ದಾರೆ, ಬಂದು ನೋಡಿ ಎಂದದ್ದು ಪ್ರಯಾಣಕ್ಕೆ ನೆಪವಾಯಿತು.

ಶ್ರೀರಂಗಪಟ್ಟಣದಲ್ಲಿ ರೈಲು ಕಾವೇರಿಯನ್ನು ದಾಟುವಾಗ ಬೋಗಿಯಲ್ಲಿದ್ದ ಅನೇಕರು ಅಭ್ಯಾಸಬಲದಿಂದ ಕಿಟಕಿಯತ್ತ ತಿರುಗಿದರು. ಈ ಸೀಮೆಯಲ್ಲಿ ಕ್ಷೇಮಸಮಾಚಾರಕ್ಕಿಂತ ಮೊದಲು ಕಟ್ಟೆಯ ನೀರಿನ ಮಟ್ಟ ಕೇಳುವುದುಂಟು, 124.80 ಅಡಿ ಎಂಬ ಗರಿಷ್ಠ ಮಟ್ಟ ಶಾಲೆಯ ಮಕ್ಕಳಿಗೂ ಬಾಯಿಪಾಠ. 2023ರಲ್ಲಿ ಕೃಷ್ಣರಾಜಸಾಗರ ತುಂಬಲೇ ಇಲ್ಲ, ಮಂಡ್ಯದ ರಸ್ತೆಗಳಲ್ಲಿ ಧರಣಿಗಳು ನಡೆದವು. 2025ರಲ್ಲಿ ಜೂನ್ ತಿಂಗಳಲ್ಲೇ ತುಂಬಿ ಬಾಗಿನವೂ ಅರ್ಪಣೆಯಾಯಿತು. ಬೆಳೆಯನ್ನು ನಂಬಿ ಕಂತು ಕಟ್ಟುತ್ತೇನೆಂದು ರೈತ ಸಹಿ ಹಾಕುವ ಸಾಲಪತ್ರಕ್ಕೆ ಈ ಏರುಪೇರಿಗಿಂತ ದೊಡ್ಡ ಶತ್ರುವನ್ನು ನಾನು ಕಂಡಿಲ್ಲ.

ಪಾಂಡವಪುರ ದಾಟುವವರೆಗೂ ಕಟ್ಟೆಯ ಕಥೆಯೇ ತಲೆಯಲ್ಲಿ ಸುತ್ತುತ್ತಿತ್ತು. 1911ರಲ್ಲಿ ಕೆಲಸ ಆರಂಭವಾದಾಗ ಅದು ಮಂಡ್ಯದ ಬೆದ್ದಲು ಭೂಮಿಗೆ ನೀರುಣಿಸುವ ಯೋಜನೆ ಮಾತ್ರವಾಗಿರಲಿಲ್ಲ. 1902ರಿಂದಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು. ಬೇಸಿಗೆಯಲ್ಲೂ ಆ ವಿದ್ಯುದಾಗಾರಕ್ಕೆ ನೀರು ತಪ್ಪಬಾರದೆಂದರೆ ನದಿಯನ್ನು ಮೇಲೆಲ್ಲಾದರೂ ಹಿಡಿದಿಡಲೇಬೇಕಿತ್ತು. ಬಳಸಿದ ವಿದ್ಯುತ್ತಿಗೆ ತಪ್ಪದೆ ಹಣ ಕಟ್ಟುವ ಗಿರಾಕಿಯಿದ್ದುದರಿಂದ ಕಟ್ಟೆಗೆ ದುಡ್ಡು ಹೊಂದಿಸುವ ವಾದಕ್ಕೆ ಬಲ ಬಂತು. ಬರೀ ಭತ್ತದ ಗದ್ದೆಯನ್ನೇ ಮುಂದಿಟ್ಟಿದ್ದರೆ ಖಜಾನೆಯವರು ಒಪ್ಪುತ್ತಿದ್ದರೇ ಎಂಬುದು ನನ್ನ ಬ್ಯಾಂಕಿನ ಬುದ್ಧಿಗೆ ಇಂದಿಗೂ ಸಂಶಯ.

ಮದ್ದೂರಿನಲ್ಲಿ ಇಳಿದು ಬಸ್ಸು, ಆಮೇಲೆ ಗ್ರಾಹಕರ ಬೈಕು. ಸೀಳುಗಾಲುವೆಯಲ್ಲಿ ನೀರಿರಲಿಲ್ಲ, ಕೆಲ ದಿನ ಹರಿಸಿ ಕೆಲ ದಿನ ನಿಲ್ಲಿಸುವ ಕಟ್ಟು ಪದ್ಧತಿಯಲ್ಲಿ ಬಿಟ್ಟ ನೀರು ಮೇಲಿನ ಊರುಗಳನ್ನು ಮುಗಿಸಿ ಕೊನೆ ತೂಬಿಗೆ ಸರದಿ ಬರಲು ಇನ್ನೂ ಒಂದು ದಿನ ಬೇಕಿತ್ತು. ಬದುವಿನಿಂದ ಎರಡು ಮಾರು ಒಳಗೆ, ಪೈರಿನ ನಡುವೆ, ಒಂದು ಪ್ಲಾಸ್ಟಿಕ್ ಕೊಳವೆ ನೆಟ್ಟಿತ್ತು. ಒಂದಡಿ ಉದ್ದ, ಅಂಗೈ ಅಗಲದ ಬಾಯಿ, ಮಣ್ಣಿನಲ್ಲಿ ಹೂತ ಭಾಗಕ್ಕೆ ಸುತ್ತಲೂ ತೂತು. ಒಳಗಿನ ಮಣ್ಣನ್ನು ತೆಗೆದಿರುವುದರಿಂದ, ಗದ್ದೆಯ ಮೇಲೆ ನೀರು ಕಾಣದಾಗಲೂ ಬೇರಿನ ಮಟ್ಟದ ನೀರು ಅದರೊಳಗೆ ಕಾಣುತ್ತದೆ. ನೀರು ನೆಲಮಟ್ಟಕ್ಕಿಂತ 15 ಸೆಂಟಿಮೀಟರ್ ಇಳಿಯುವವರೆಗೆ ಕಾದು ಮತ್ತೆ ಹಾಯಿಸಿದರೆ ಇಳುವರಿ ಕುಗ್ಗದೆ ನೀರು ಉಳಿಯುತ್ತದೆ, ಸದಾ ನೀರು ನಿಂತ ಕೆಸರಿನಲ್ಲಿ ಹುಟ್ಟುವ ಮೀಥೇನ್ ಸುಮಾರು ಅರ್ಧಕ್ಕಿಳಿಯುತ್ತದೆ. ಫಿಲಿಪೈನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಪ್ರಚಾರಕ್ಕೆ ತಂದ ಪದ್ಧತಿಯಿದು. ನೂರು ವರ್ಷಗಳ ಲೆಕ್ಕದಲ್ಲಿ ಮೀಥೇನ್ ಇಂಗಾಲದ ಡೈಆಕ್ಸೈಡಿನ ಸುಮಾರು 28 ಪಟ್ಟು ಬಿಸಿ ಹಿಡಿಯುವುದರಿಂದ, ತಗ್ಗಿದ ಪ್ರಮಾಣವನ್ನು ಕಾರ್ಬನ್ ಕ್ರೆಡಿಟ್, ಅಂದರೆ ಇಷ್ಟು ಅನಿಲ ತಗ್ಗಿಸಿದೆ ಎಂಬ ಪ್ರಮಾಣಪತ್ರ, ಮಾಡಿ ಹೊರದೇಶದ ಕಂಪನಿಗಳಿಗೆ ಮಾರಬಹುದು. ಪೈಪು ನೆಟ್ಟವರ ವ್ಯಾಪಾರ ಅದೇ.

“ಗದ್ದೆ ಒಣಗ್ಸಿ ಅಂತಾರೆ ಸಾರ್. ನಾಲೇಲಿ ನೀರು ಬರ್ದೆ ಇದ್ರೆ ತಾನಾಗೇ ಒಣಗ್ತದಲ್ಲ, ಅದುಕ್ಕೂ ದುಡ್ ಕೊಡ್ತಾರಾ?” ಎಂದು ಅವರು ಕೇಳಿದರು.

ಆ ಪ್ರಶ್ನೆ ಇಡೀ ವ್ಯವಹಾರದ ಮರ್ಮಕ್ಕೇ ತಾಗಿತು. ಹಣವಿಲ್ಲದಿದ್ದರೂ ಹೇಗೂ ಆಗುತ್ತಿದ್ದ ಕೆಲಸಕ್ಕೆ ಕ್ರೆಡಿಟ್ ಇಲ್ಲ ಎನ್ನುವುದು ಈ ಮಾರುಕಟ್ಟೆಯ ಮೂಲ ನಿಯಮ. ನಿಯಮದಲ್ಲಿ ತಪ್ಪಿಲ್ಲ, ಅದಿಲ್ಲದಿದ್ದರೆ ಬರೀ ಕಾಗದದ ಕ್ರೆಡಿಟ್‌ಗಳೇ ತುಂಬಿಹೋಗುತ್ತವೆ, ಮತ್ತು 2024ರಲ್ಲಿ ಇಂಥ ಕ್ರೆಡಿಟ್‌ಗಳನ್ನು ನೋಂದಾಯಿಸುವ ವೆರ್ರಾ ಸಂಸ್ಥೆ ಚೀನಾದ 37 ಭತ್ತದ ಯೋಜನೆಗಳನ್ನು ತಿರಸ್ಕರಿಸಿದ್ದನ್ನು ನೋಡಿದರೆ ಕಟ್ಟುನಿಟ್ಟು ಬೇಕೆಂದೇ ಅನಿಸುತ್ತದೆ. ಆದರೆ ಅದೇ ನಿಯಮವನ್ನು ನಾಲೆಯ ಉದ್ದಕ್ಕೆ ಹಾಸಿ ನೋಡಿದಾಗ, ಮೇಲಿನ ತೂಬಿನಲ್ಲಿ ಮೊಣಕಾಲುದ್ದ ನೀರು ನಿಲ್ಲಿಸುತ್ತಿದ್ದವರು ಅದನ್ನು ತಗ್ಗಿಸಿದರೆ ಹಣಕ್ಕೆ ಅರ್ಹರು. ನೀರು ಬಾರದೆ ವರ್ಷಗಟ್ಟಲೆ ಒಣಗಿಸುತ್ತಲೇ ಬಂದ ಕೊನೆಯವರು ತಗ್ಗಿಸಲು ಏನೂ ಇಲ್ಲದವರು.

ತೆಂಗಿನ ನೆರಳಿನಲ್ಲಿ ಎಳನೀರು ಕುಡಿಯುತ್ತ ಅವರಿಗೆ ಹೊರಗಿನ ಲೆಕ್ಕ ಹೇಳಿದೆ. 2020ರ ಹೊತ್ತಿಗೆ ಬಡ ದೇಶಗಳಿಗಾಗಿ ವರ್ಷಕ್ಕೆ 10,000 ಕೋಟಿ ಡಾಲರ್ ಒದಗಿಸುವುದಾಗಿ ಶ್ರೀಮಂತ ದೇಶಗಳು 2009ರಲ್ಲಿ ಕೋಪನ್‌ಹೇಗನ್ನಿನ ಹವಾಮಾನ ಸಮ್ಮೇಳನದಲ್ಲಿ ಮಾತು ಕೊಟ್ಟವು. ಆ ಮೊತ್ತ ದಾಟಿದ್ದು 2022ರಲ್ಲಿ, 11,590 ಕೋಟಿಯೊಂದಿಗೆ, ಅದೂ ಹೆಚ್ಚಾಗಿ ಅವರದೇ ಕೂಟವಾದ ಒಇಸಿಡಿಯ ಲೆಕ್ಕದಂತೆ. ಅದರಲ್ಲಿ ಬರ, ನೆರೆಗಳನ್ನು ತಾಳಿಕೊಳ್ಳುವ ಕೆಲಸಗಳಿಗೆಂದೇ ಹೋದದ್ದು 3,240 ಕೋಟಿ. ಸರ್ಕಾರಿ ಮೂಲದ ಹಣದಲ್ಲಿ ಮೂರನೇ ಎರಡಕ್ಕೂ ಹೆಚ್ಚು ಪಾಲು ಸಾಲ. 2024ರಲ್ಲಿ ಬಾಕುವಿನಲ್ಲಿ 2035ರ ಹೊತ್ತಿಗೆ ವರ್ಷಕ್ಕೆ 30,000 ಕೋಟಿ ಎಂದು ತೀರ್ಮಾನವಾದಾಗ ಭಾರತ ಸಭೆಯಲ್ಲೇ ಆಕ್ಷೇಪಿಸಿತು.

“ನಮ್ ಸೊಸೈಟಿ ಸಾಲಕ್ಕೆ ಬಡ್ಡಿನಾದ್ರೂ ಇಲ್ಲ ಸಾರ್” ಎಂದು ಅವರು ನಕ್ಕರು.

ಸೌರಫಲಕ ಹಾಕಿದರೆ ಯೂನಿಟ್ಟಿಗೆ ಇಷ್ಟು ಎಂದು ವಸೂಲಾಗುತ್ತದೆ, ಹಾಗಾಗಿ ಅಲ್ಲಿಗೆ ಬ್ಯಾಂಕೂ ಬರುತ್ತದೆ, ಕಂಪನಿಯೂ ಬರುತ್ತದೆ. ಕೊನೆ ಭಾಗದ ಕಾಲುವೆಯ ಹೂಳೆತ್ತಿದರೆ ಬಿಲ್ಲನ್ನು ಯಾರಿಗೆ ಕಳಿಸುವುದು? ಕೋಲಾರದ ಗಣಿಯಂಥ ಗಿರಾಕಿ ಆ ಕೆಲಸಕ್ಕಿಲ್ಲ. ದೂರುವ ಹಕ್ಕು ನನಗೂ ಪೂರ್ತಿಯಿಲ್ಲವೆನ್ನಿ. ಟ್ರ್ಯಾಕ್ಟರಿನ ಸಾಲಕ್ಕೆ ಹಾಕಿದಷ್ಟು ಸಲೀಸಾಗಿ ಗದ್ದೆ ಮಟ್ಟಮಾಡುವ ಸಾಲಕ್ಕೆ ನಾನು ಸಹಿ ಹಾಕಿದವನಲ್ಲ. ಟ್ರ್ಯಾಕ್ಟರನ್ನು ಜಪ್ತಿ ಮಾಡಬಹುದಿತ್ತು.

ಸಂಜೆ ನೀರುಗಂಟಿ ಸೈಕಲ್ಲಿನಲ್ಲಿ ಹೋಗುತ್ತ, ಸರದಿ ನಾಳೆ ರಾತ್ರಿಗೆ ಎಂದು ಕೂಗಿ ಹೇಳಿದ. ಗ್ರಾಹಕರು ಕೊಳವೆಯೊಳಗೆ ಕಡ್ಡಿ ಇಳಿಬಿಟ್ಟು ತೆಗೆದರು. ತುದಿಯಲ್ಲಿ ಎರಡು ಬೆರಳಿನಷ್ಟು ಮಾತ್ರ ಒದ್ದೆಯಾಗಿತ್ತು. ಅಳೆದಾಗಲೆಲ್ಲ ಕಂಪನಿಗೆ ಫೋಟೊ ಕಳಿಸಬೇಕಂತೆ. ತೆಗೆದ ಫೋಟೊ ಎಷ್ಟು ಹೊತ್ತಾದರೂ ಹೋಗಲಿಲ್ಲ, ಗದ್ದೆಯಲ್ಲಿ ಸಿಗ್ನಲ್ ಇರಲಿಲ್ಲ. “ನಾಲೆ ಏರಿ ಮೇಲೆ ನಿಂತ್ರೆ ಹೋಯ್ತದೆ, ಬಂದೆ ಇರಿ ಸಾರ್” ಎಂದು ಫೋನನ್ನು ಎತ್ತಿ ಹಿಡಿದುಕೊಂಡು ಅವರು ಏರಿಯತ್ತ ನಡೆದರು.