ಉಜ್ಜದೆಯೇ ಹೊಳೆದ ಹಂಡೆ

"ಸರ್, ಇದರ ಒಳಗೆ ನಾನು ಇನ್ನೂ ಕೈಯನ್ನೇ ಹಾಕಿಲ್ಲ."

ಪಾತ್ರೆ ತೊಳೆಯುವ ವಿಭಾಗದ ಹಿರಿಯ ಮಹಿಳೆ ಹೀಗೆ ಹೇಳಿ ತಾಮ್ರದ ಹಂಡೆಯನ್ನು ಬೆಳಕಿನ ಕಡೆಗೆ ವಾಲಿಸಿದರು. ಒಳಮೈಯಲ್ಲಿ ಮುಕ್ಕಾಲು ಎತ್ತರಕ್ಕೆ ಗೆರೆ ಎಳೆದಂತಿತ್ತು. ಗೆರೆಯ ಮೇಲೆ ಮಾಸಲು ಕಂದು, ಕೆಳಗೆ ಆಗಷ್ಟೇ ಬೆಳಗಿದಂಥ ನಸುಗೆಂಪು ಹೊಳಪು. ಬೆಳಿಗ್ಗೆ ನಿಂಬೆ ಶರಬತ್ತು ಆ ಗೆರೆಯವರೆಗೆ ತುಂಬಿತ್ತು. ತುಂಬಿಸಲು ಹೇಳಿದವನು ನಾನು.

ನಾನು ಸಂಸ್ಥೆಯೊಂದರ ಅಡುಗೆಮನೆಯ ಮೇಲ್ವಿಚಾರಕ. ಅಂದು ಸಮಾರಂಭವಿತ್ತು. ನೋಡಲು ಚೆಂದ ಎಂಬ ಒಂದೇ ಕಾರಣಕ್ಕೆ ಹಿತ್ತಾಳೆಯ ನಲ್ಲಿಯಿದ್ದ ಆ ಹಂಡೆಯನ್ನು ಹೊರಗೆ ತೆಗೆಸಿದ್ದೆ. ಬೆಳಿಗ್ಗೆ ಏಳಕ್ಕೆ ತುಂಬಿಸಿದ ಶರಬತ್ತನ್ನು ಬಡಿಸಿದ್ದು ಮಧ್ಯಾಹ್ನ ಒಂದಕ್ಕೆ. ಮೊದಲ ಲೋಟಗಳನ್ನು ಕುಡಿದವರಲ್ಲಿ ಎಂಟು ಜನರಿಗೆ ಅರ್ಧ ಗಂಟೆಯೊಳಗೆ ಹೊಟ್ಟೆ ತೊಳಸಿ ವಾಂತಿಯಾಯಿತು. ನೀರು ಕೆಟ್ಟಿರಬೇಕು, ಇಲ್ಲವೇ ಮಂಜುಗಡ್ಡೆ ಎಂದು ನಾವು ತಲೆ ಕೆಡಿಸಿಕೊಂಡಿದ್ದೆವು. ವೈದ್ಯರು ಮಾತ್ರ ಮೊದಲು ಕೇಳಿದ್ದು, "ಯಾವ ಪಾತ್ರೆಯಲ್ಲಿ ಇಟ್ಟಿದ್ದಿರಿ?" ಎಂದು. ಕೆಟ್ಟ ಆಹಾರದಿಂದ ವಾಂತಿಯಾಗಲು ಸಾಮಾನ್ಯವಾಗಿ ಕೆಲವು ಗಂಟೆಗಳಾದರೂ ಬೇಕು. ಲೋಹ ಅಷ್ಟು ಕಾಯುವುದಿಲ್ಲ, ಹೊಟ್ಟೆಯ ಒಳಪದರವನ್ನು ನೇರವಾಗಿ ಕೆರಳಿಸುತ್ತದೆ. ಸಂಜೆಯ ಹೊತ್ತಿಗೆ ಎಲ್ಲರೂ ಚೇತರಿಸಿಕೊಂಡರು. ನನಗೆ ಅಂದು ರಾತ್ರಿ ನಿದ್ದೆ ಬರಲಿಲ್ಲ.

ತಾಮ್ರವನ್ನು ಬೆಳಗಲು ನಿಂಬೆಹೋಳು, ಉಪ್ಪು ಹಿಡಿಯುವುದು ನನಗೆ ಗೊತ್ತಿಲ್ಲದ ವಿಷಯವಾಗಿರಲಿಲ್ಲ. ಹಾಗೆ ಬೆಳಗಿದ ನೀರನ್ನು ಯಾರೂ ಕುಡಿಯುವುದಿಲ್ಲ. ಆರು ಗಂಟೆ ಕಾಲ ಹಂಡೆಯ ಒಳಗೆ ನಡೆದದ್ದು ಅದೇ ಕೆಲಸ. ಮೇಲಿನ ಕಂದು ಆಕ್ಸೈಡ್ ಪದರ ಹುಳಿಗೆ ಬೇಗ ಕರಗುತ್ತದೆ. ಆಮೇಲೆ ಗಾಳಿಯ ಆಮ್ಲಜನಕವೂ ಕೈಜೋಡಿಸಿ ತಾಮ್ರವೇ ಸ್ವಲ್ಪ ಸ್ವಲ್ಪವಾಗಿ ಬಿಡುತ್ತದೆ. ನಲ್ಲಿಯ ಕೊಳವೆಯಲ್ಲಿ ನಿಂತಿದ್ದ ಶರಬತ್ತಿಗಂತೂ ಸುತ್ತಲೂ ಲೋಹವೇ. ಮೊದಲ ಲೋಟಗಳಿಗೆ ಸೇರಿದ್ದು ಅದು.

ಹುಳಿಯನ್ನು ಅಳೆಯುವ ಪಿಎಚ್ ಅಂಕಿ ಒಂದು ಇಳಿದರೆ ಆಮ್ಲತೆ ಹತ್ತು ಪಟ್ಟು ಏರುತ್ತದೆ. ಹಾಲು ಸುಮಾರು 6.7, ಮೊಸರು ಮತ್ತು ಟೊಮೆಟೊ 4ರಿಂದ 4.6ರ ಆಸುಪಾಸು, ನಿಂಬೆರಸ 2ರಿಂದ 3ರ ನಡುವೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಮಾದರಿ ಆಹಾರ ಸಂಹಿತೆಯ ಪ್ರಕಾರ, ಪಿಎಚ್ 6ಕ್ಕಿಂತ ಕಡಿಮೆ ಇರುವ ವಿನೆಗರ್, ಹಣ್ಣಿನ ರಸ, ವೈನ್‌ನಂಥವು ತಾಮ್ರಕ್ಕಾಗಲಿ ಹಿತ್ತಾಳೆಗಾಗಲಿ ತಾಗಬಾರದು. ಈ ನಿಯಮವನ್ನು ಮುಂದಿಟ್ಟುಕೊಂಡೇ 2017ರಲ್ಲಿ ಅಲ್ಲಿನ ಅಯೋವಾ ರಾಜ್ಯ ನಿಂಬೆಯ ಪಾನೀಯ ಕೊಡುವ ತಾಮ್ರದ ಮಗ್‌ಗಳ ಬಗ್ಗೆ ಎಚ್ಚರಿಸಿತು. ಒಳಗೆ ಉಕ್ಕು ಅಥವಾ ನಿಕಲ್ ಲೇಪನವಿದ್ದರೆ ಆ ಮಗ್‌ಗಳಿಗೆ ತೊಂದರೆಯಿಲ್ಲ. ತಾಮ್ರದಲ್ಲಿ ಬರಿಯ ನೀರು ಇಡುವುದು ಬೇರೆ ಮಾತು. ಕುಡಿಯುವ ನೀರಿನಲ್ಲಿ ಲೀಟರಿಗೆ 2 ಮಿಲಿಗ್ರಾಂ ತಾಮ್ರದವರೆಗೆ ವಿಶ್ವ ಆರೋಗ್ಯ ಸಂಸ್ಥೆಯ ಒಪ್ಪಿಗೆಯಿದೆ. ಆದರೆ ದೇಹದಲ್ಲಿ ತಾಮ್ರ ಶೇಖರವಾಗುವ ವಿಲ್ಸನ್ ಕಾಯಿಲೆ ಇರುವವರು ತಾಮ್ರದಲ್ಲಿಟ್ಟ ನೀರನ್ನೂ ದೂರವಿಡಬೇಕು.

ಆ ದಿನದಿಂದ ನಾನು ಪಾತ್ರೆಯನ್ನು ತುಂಬುವ ಮೊದಲು ನೋಡುವುದಕ್ಕಿಂತ ಹೆಚ್ಚಾಗಿ ಖಾಲಿಯಾದ ಮೇಲೆ ನೋಡುತ್ತೇನೆ. ತೊಳೆಯಲು ಹೋಗುವ ಮುನ್ನವೇ ನೋಡಬೇಕು. ತೊಳೆದ ಮೇಲೆ ಸಾಕ್ಷಿ ಉಳಿಯುವುದಿಲ್ಲ. ಹಾಗೆ ನೋಡತೊಡಗಿದಾಗ ಅಲ್ಯೂಮಿನಿಯಂ ಪಾತ್ರೆಗಳ ಕಥೆಯೂ ಬಯಲಾಯಿತು. ನೀರು ಕುದಿಸಿ ಕುದಿಸಿ ಕಪ್ಪಾಗಿದ್ದ ಪಾತ್ರೆ, ಟೊಮೆಟೊ ಬೇಯಿಸಿದ ದಿನ ಬೆಳ್ಳಗೆ ಹೊರಬರುತ್ತಿತ್ತು. ಅಡುಗೆಯವರು ಅದನ್ನು ಒಳ್ಳೆಯ ಲಕ್ಷಣವೆಂದೇ ತಿಳಿದಿದ್ದರು. ಬಿಟ್ಟುಹೋದ ಪದರ ಸೇರಿದ್ದು ಅಡುಗೆಗೆ. ಒಂದು ಸಲದಿಂದ ಯಾರೂ ಹಾಸಿಗೆ ಹಿಡಿಯುವುದಿಲ್ಲ. ಆದರೆ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2008ರಲ್ಲಿ ಎಲ್ಲ ಮೂಲಗಳೂ ಸೇರಿ ದೇಹತೂಕದ ಪ್ರತಿ ಕಿಲೋಗೆ ವಾರಕ್ಕೆ 1 ಮಿಲಿಗ್ರಾಂ ಅಲ್ಯೂಮಿನಿಯಂ ಎಂಬ ಮಿತಿ ಹಾಕಿತು. ದಿನವೂ ಒಂದೇ ಅಡುಗೆಮನೆಯಲ್ಲಿ ಉಣ್ಣುವ ಜನರಿಗೆ ಬಡಿಸುವ ನಾವು ಆ ಲೆಕ್ಕವನ್ನು ಮರೆಯುವಂತಿಲ್ಲ. ಹುಳಿ ಅಡುಗೆಗೆ ಬರಿಯ ಅಲ್ಯೂಮಿನಿಯಂ ಬೇಡವೆಂದು ನಿಲ್ಲಿಸಿದೆ. ಅಡುಗೆ ಸೋಡಾದಂಥ ಕ್ಷಾರವೂ ಆ ಪದರವನ್ನು ಕರಗಿಸುತ್ತದೆ ಎಂಬುದು ಅನೇಕರಿಗೆ ತಿಳಿದಿಲ್ಲ.

ಹುಳಿ ಅಡುಗೆಯೆಲ್ಲ ಈಗ ಸ್ಟೇನ್‌ಲೆಸ್ ಸ್ಟೀಲಿಗೆ ಹೋಗಿದೆ. 304 ದರ್ಜೆಯಲ್ಲಿ ಸುಮಾರು ಶೇಕಡಾ 18 ಕ್ರೋಮಿಯಂ, 8 ನಿಕಲ್ ಇರುತ್ತದೆ. ಕ್ರೋಮಿಯಂ ಕಟ್ಟುವ ತೆಳುಪದರವೇ ಅದರ ಕಾವಲು. ಹೊಸ ಪಾತ್ರೆಯಲ್ಲಿ ಮೊದಲ ಕೆಲವು ಸಲ ಹುಳಿ ಬೇಯಿಸಿದಾಗ ನಿಕಲ್ ಹೆಚ್ಚು ಬಿಡುತ್ತದೆ, ಆಮೇಲೆ ಇಳಿಯುತ್ತದೆ. ಆದ್ದರಿಂದ ಹೊಸದನ್ನು ಕೆಲವು ದಿನ ನೀರು, ಹಾಲಿಗಷ್ಟೇ ಬಳಸುತ್ತಿದ್ದೆ. ಆದರೆ ನಿಕಲ್ಲನ್ನು ಇಳಿಸುವುದು ಹುಳಿಯೇ ಎಂದು ತಿಳಿದ ಮೇಲೆ, ವಿನೆಗರ್ ಬೆರೆಸಿದ ನೀರನ್ನು ಕೆಲವು ಸಲ ಕುದಿಸಿ ಚೆಲ್ಲಿಸುತ್ತೇನೆ. ತಣ್ಣೀರಿಗೆ ಉಪ್ಪು ಸುರಿಯಲು ಬಿಡುವುದಿಲ್ಲ. ತಳದಲ್ಲಿ ಕುಳಿತ ಹರಳು ಸ್ಟೀಲನ್ನು ಚುಚ್ಚಿ ಕುಳಿ ಮಾಡುತ್ತದೆ. ತವರದ ಕಲಾಯಿ ಹಾಕಿದ ತಾಮ್ರವೂ ಸರಿಯೇ, ಒಳಗೆ ಕೆಂಪು ಇಣುಕುವವರೆಗೆ. ತವರ ಕರಗುವುದು 232 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಖಾಲಿ ಪಾತ್ರೆಯನ್ನು ಒಲೆಯ ಮೇಲೆ ಮರೆತರೆ ಕಲಾಯಿ ಹೋಯಿತೆಂದೇ ಲೆಕ್ಕ. ಸತು ಲೇಪಿಸಿದ ಬಕೆಟ್ಟಿಗೆ ಹುಳಿ ಪಾನೀಯ ಸುರಿಯುವುದು ತಾಮ್ರದಷ್ಟೇ ಕೆಟ್ಟದ್ದು. ಬೀಡುಕಬ್ಬಿಣದಲ್ಲಿ ಬಿಡುವುದು ಕಬ್ಬಿಣ. ದೇಹದಲ್ಲಿ ಕಬ್ಬಿಣ ಶೇಖರವಾಗುವ ಕಾಯಿಲೆ ಇಲ್ಲದವರಿಗೆ ರುಚಿ ಕೆಡುವುದೊಂದೇ ತೊಂದರೆ.

ಎಲ್ಲ ಪಾತ್ರೆಗಳಿಗೂ ಅಂಟಿದ ಪ್ರಶ್ನೆ, ಹುಳಿ ಅದರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂಬುದು. ಶರಬತ್ತನ್ನು ಅಂದು ಆರು ಗಂಟೆ ಹಂಡೆಯಲ್ಲಿ ಬಿಡದೆ ಗಾಜಿನಲ್ಲಿ ಕಲಸಿಟ್ಟಿದ್ದರೆ ಎಂಟು ಜನರಿಗೆ ಆ ಸಂಕಟವಿರುತ್ತಿರಲಿಲ್ಲ.

ಹೋದ ತಿಂಗಳು ಅದೇ ಹಿರಿಯ ಮಹಿಳೆ ಅಲ್ಯೂಮಿನಿಯಂ ಹಾಳೆಯೊಂದನ್ನು ಹಿಡಿದು ಬಂದರು. ಸ್ಟೀಲ್ ತಟ್ಟೆಯಲ್ಲಿದ್ದ ಟೊಮೆಟೊ ಗೊಜ್ಜಿಗೆ ರಾತ್ರಿ ಹೊದಿಸಿದ್ದ ಹಾಳೆ ಅದು. ಕಿಟಕಿಗೆ ಎತ್ತಿ ಹಿಡಿದಾಗ ಸೂಜಿ ಚುಚ್ಚಿದಂತೆ ಹತ್ತಾರು ರಂಧ್ರಗಳು ಬೆಳಗಿದವು. ಎರಡು ಲೋಹಗಳ ನಡುವೆ ಉಪ್ಪು ಹುಳಿಯ ರಸ ಸಿಕ್ಕರೆ ಅದೊಂದು ಬ್ಯಾಟರಿ. ತೆಳುವಾದ ಹಾಳೆ ಅದರಲ್ಲಿ ಸವೆಯುತ್ತದೆ. ಗೊಜ್ಜಿನ ಮೇಲೆ ಬೂದು ಚುಕ್ಕೆಗಳೂ ಇದ್ದವು. ಅದನ್ನು ಚೆಲ್ಲಿಸಿದೆ. ಈಗ ಗಾಜಿನ ಡಬ್ಬಿಗಳಿಗೆ ಬೇಡಿಕೆ ಬರೆದುಕೊಟ್ಟಿದ್ದೇನೆ, ಎಷ್ಟು ಬೇಕೆಂಬ ಲೆಕ್ಕವನ್ನು ಅವರೇ ಹೇಳಿದರು.