ಅಪ್ಪನ ಎಂ.ಆರ್.ಐ.ಯಲ್ಲಿ ಕಂಡ ಏಳು ಚುಕ್ಕೆಗಳು

ಕಳೆದ ವರ್ಷ ಅಪ್ಪನ ಎಡಗೈ ಅರ್ಧ ಗಂಟೆ ಸ್ವಾಧೀನ ತಪ್ಪಿ ಮತ್ತೆ ಸರಿಹೋಯಿತು. ಕೂಡಲೇ ತೆಗೆಸಿದ ಸಿ.ಟಿ. ಸ್ಕ್ಯಾನಿನಲ್ಲಿ ರಕ್ತಸ್ರಾವದ ಸುಳಿವೂ ಇರಲಿಲ್ಲ. ಮರುದಿನದ ಎಂ.ಆರ್.ಐ.ಯಲ್ಲಿ ಮಾತ್ರ ಮಿದುಳಿನ ಒಳಭಾಗದ ಥಲಾಮಸ್‌ನ ಸುತ್ತ ಸಾಸಿವೆ ಕಾಳಿನಂಥ ಏಳು ಕಪ್ಪು ಚುಕ್ಕೆಗಳು ಕಂಡವು. ಅವು ಹೊಸವಲ್ಲ, ಎಂದೋ ಸಣ್ಣ ರಕ್ತನಾಳಗಳಿಂದ ಜಿನುಗಿದ ರಕ್ತದ ಗುರುತುಗಳು ಎಂದು ವೈದ್ಯರು ವಿವರಿಸಿದರು.

ಹಳೆಯ ರಕ್ತವನ್ನು ಕಾಂತಕ್ಷೇತ್ರ ಬಳಸಿ ಚಿತ್ರ ತೆಗೆಯುವ ಈ ಎಂ.ಆರ್.ಐ. ಯಂತ್ರ ಹೇಗೆ ಗುರುತಿಸುತ್ತದೆ ಎಂಬುದು ಅಂದಿನಿಂದ ನನ್ನನ್ನು ಬಿಡಲಿಲ್ಲ. ಉತ್ತರವಿರುವುದು ರಕ್ತದಲ್ಲಿ ಆಮ್ಲಜನಕವನ್ನು ಹೊರುವ ಹಿಮೋಗ್ಲೋಬಿನ್‌ನ ಕಬ್ಬಿಣದಲ್ಲಿ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಕಾಂತಕ್ಷೇತ್ರದತ್ತ ಸೆಳೆಯಲ್ಪಡುವುದಿಲ್ಲ, ಆಮ್ಲಜನಕ ಕಳೆದುಕೊಂಡದ್ದು ಸೆಳೆಯಲ್ಪಡುತ್ತದೆ ಎಂಬುದನ್ನು ರಸಾಯನವಿಜ್ಞಾನಿಗಳಾದ ಲೈನಸ್ ಪೌಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ 1936ರಲ್ಲೇ ತೋರಿಸಿದ್ದರು. ನಾಳದಿಂದ ಹೊರಬಿದ್ದ ರಕ್ತ ಕೆಲವು ಗಂಟೆಗಳಲ್ಲಿ ಆಮ್ಲಜನಕವನ್ನು ಕಳೆದುಕೊಂಡು, ಕೆಲವು ದಿನಗಳಲ್ಲಿ ಮೆಟ್‌ಹಿಮೋಗ್ಲೋಬಿನ್ ಎಂಬ ಬದಲಾದ ರೂಪ ತಾಳಿ, ಕೊನೆಗೆ ಹೀಮೋಸಿಡೆರಿನ್ ಎಂಬ ಕಬ್ಬಿಣದ ಶೇಷವಾಗಿ ವರ್ಷಗಟ್ಟಲೆ ಅಲ್ಲೇ ಉಳಿಯುತ್ತದೆ. ಈ ಒಂದೊಂದು ಹಂತವೂ ಚಿತ್ರದಲ್ಲಿ ಬೇರೆ ಬೇರೆಯಾಗಿ ಬೆಳಗುವುದರಿಂದ ಅಥವಾ ಕಪ್ಪಾಗುವುದರಿಂದ, ರಕ್ತಸ್ರಾವ ಸುಮಾರು ಯಾವಾಗಿನದೆಂದು ಅಂದಾಜಿಸಬಹುದು. ಆ ಶೇಷ ಸುತ್ತಲಿನ ಕಾಂತಕ್ಷೇತ್ರವನ್ನು ಕದಡುವುದರಿಂದ, ಇಂಥ ಕದಡುವಿಕೆಯನ್ನು ಸೂಕ್ಷ್ಮವಾಗಿ ಹಿಡಿಯುವ ಗ್ರೇಡಿಯೆಂಟ್ ಎಕೋ ಮತ್ತು ಎಸ್.ಡಬ್ಲ್ಯು.ಐ. ಎಂಬ ಎಂ.ಆರ್.ಐ. ವಿಧಾನಗಳಲ್ಲಿ ಚುಕ್ಕೆ ತನ್ನ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಸಾಮಾನ್ಯ ವಿಧಾನದಲ್ಲಷ್ಟೇ ತೆಗೆದಿದ್ದರೆ ಅಪ್ಪನ ಚುಕ್ಕೆಗಳು ತಪ್ಪಿಹೋಗುವ ಸಾಧ್ಯತೆಯಿತ್ತು. ಕ್ಯಾಲ್ಸಿಯಂ ಕೂಡ ಹೀಗೆಯೇ ಕಪ್ಪಾಗಿ ಕಾಣಬಹುದಾದ್ದರಿಂದ, ಎರಡನ್ನೂ ಬೇರ್ಪಡಿಸಿ ಹೇಳಲು ಅನುಭವಿ ಕಣ್ಣು ಬೇಕು.

ಹಾಗೆಂದು ಸಿ.ಟಿ.ಯನ್ನು ನಾನು ಕಡೆಗಣಿಸುತ್ತಿಲ್ಲ. ಪಾರ್ಶ್ವವಾಯು ಬಡಿದ ಹೊತ್ತಿನಲ್ಲಿ ಕೆಲವೇ ನಿಮಿಷಗಳಲ್ಲಿ ಮುಗಿಯುವ ಪರೀಕ್ಷೆ ಅದು, ಹೊಸ ರಕ್ತಸ್ರಾವವನ್ನು ಚೆನ್ನಾಗಿಯೇ ತೋರಿಸುತ್ತದೆ. ಲಕ್ಷಣ ಕಾಣಿಸಿದ ಆರು ಗಂಟೆಯೊಳಗೆ ಬಂದ 200 ರೋಗಿಗಳಿಗೆ ಎರಡೂ ಪರೀಕ್ಷೆ ಮಾಡಿ 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನವೊಂದು, ಹೊಸ ರಕ್ತಸ್ರಾವವನ್ನು ಗುರುತಿಸುವಲ್ಲಿ ಎಂ.ಆರ್.ಐ. ಸಿ.ಟಿ.ಗೆ ಸಮನಾಗಿರಬಲ್ಲದೆಂದು ಹೇಳಿತು. ಅದೇ ಅಧ್ಯಯನದಲ್ಲಿ 49 ಮಂದಿಯ ಹಳೆಯ ರಕ್ತಸ್ರಾವ ಎಂ.ಆರ್.ಐ.ಯಲ್ಲಿ ಮಾತ್ರ ಕಂಡಿತು. ನನ್ನನ್ನು ಹೆಚ್ಚು ತಟ್ಟಿದ್ದು ಈ ಸಂಖ್ಯೆ.

ಚುಕ್ಕೆಗಳಿರುವ ಜಾಗಕ್ಕೂ ಅರ್ಥವಿದೆ. ಮಿದುಳಿನ ಆಳದಲ್ಲಿದ್ದರೆ ಬಹುಮಟ್ಟಿಗೆ ಅಧಿಕ ರಕ್ತದೊತ್ತಡವನ್ನೂ, ಹೊರಪದರದ ಅಂಚಿನಲ್ಲಷ್ಟೇ ಇದ್ದರೆ ನಾಳಗಳ ಗೋಡೆಯಲ್ಲಿ ಅಮೈಲಾಯ್ಡ್ ಎಂಬ ಪ್ರೋಟೀನ್ ಸಂಗ್ರಹವಾಗುವ ಕಾಯಿಲೆಯನ್ನೂ ವೈದ್ಯರು ಶಂಕಿಸುತ್ತಾರೆ. ಅಪ್ಪನಿಗೆ 15 ವರ್ಷಗಳಿಂದ ಬಿ.ಪಿ. ಇದೆ, ಮಾತ್ರೆಯನ್ನು ಮನಸ್ಸು ಬಂದಾಗ ನುಂಗುತ್ತಿದ್ದರು. ಚುಕ್ಕೆಗಳಿವೆಯೆಂದು ವೈದ್ಯರು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಆಸ್ಪಿರಿನ್ ನಿಲ್ಲಿಸಲಿಲ್ಲ, ಆದರೆ ಬಿ.ಪಿ.ಯ ವಿಷಯದಲ್ಲಿ ಸಡಿಲಬಿಡುವಂತಿಲ್ಲ ಎಂದರು. ಈಗ ಬೆಳಿಗ್ಗೆ, ಸಂಜೆ ಬಿ.ಪಿ. ನೋಡಿ ಅಪ್ಪ ತಾವೇ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಾರೆ.