ಸಜ್ಜಾದಿಂದ ಬಿದ್ದ ತುಂಡು

ಹೋದ ಆಷಾಢದ ಒಂದು ಭಾನುವಾರ ನಮ್ಮ ಕಟ್ಟಡದ ತಾರಸಿಯಲ್ಲಿ ಸಭೆ ಸೇರಿತ್ತು. ನೀರಿನ ಟ್ಯಾಂಕಿನ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು, ಒಂದು ಮಡಚುವ ಮೇಜು, ಅದರ ಮೇಲೆ ತೆಂಗಿನಕಾಯಿ ಗಾತ್ರದ ಕಾಂಕ್ರೀಟು ತುಂಡು. ಹಿಂದಿನ ವಾರ ಮೂರನೇ ಮಹಡಿಯ ಸಜ್ಜಾದಿಂದ ಕಳಚಿ ನನ್ನ ಸ್ಕೂಟರಿನ ಸೀಟಿನ ಮೇಲೆ ಬಿದ್ದದ್ದು. ಬಿಲ್ಡರ್ ಕಡೆಯವರು ಅದನ್ನು ದೇವರ ವಿಗ್ರಹದಂತೆ ಎದುರಿಗಿಟ್ಟುಕೊಂಡು, ಹಳೆಯ ಕಟ್ಟಡ ಒಡೆದು ಹೊಸದು ಕಟ್ಟುವ ಮಾತು ಶುರು ಮಾಡಿದರು.

1980ರ ದಶಕದಲ್ಲಿ ಜಯನಗರದಲ್ಲಿ ಎದ್ದ, ಲಿಫ್ಟ್ ಇಲ್ಲದ, ಹದಿನಾರು ಮನೆಗಳ ಕಟ್ಟಡ ನಮ್ಮದು. ಚೆಂದ ಎನ್ನಲು ನನಗೂ ಬಾಯಿ ಬರುವುದಿಲ್ಲ. ಗೋಡೆಯ ತುಂಬ ಮಳೆನೀರಿನ ಕಪ್ಪು ಇಳಿದಿದೆ, ಹೊರಗೆ ಪೈಪುಗಳು ಕರುಳಿನಂತೆ ಜೋತಾಡುತ್ತವೆ, ಮೆಟ್ಟಿಲ ಬದಿಯ ಸಿಮೆಂಟ್ ಜಾಲರಿಯಲ್ಲಿ ತೂತಿಗೊಂದು ಪಾರಿವಾಳ. ನನ್ನ ಮಗಳು ಇದನ್ನು ಚಪ್ಪಲಿ ಡಬ್ಬಿ ಎನ್ನುತ್ತಾಳೆ.

2017ರಲ್ಲಿ ಹಸಿರು ಮಾರ್ಗದ ಮೆಟ್ರೊ ಬಂದ ಮೇಲೆ ಈ ನೆಲ ಚಿನ್ನವಾಗಿದೆ, ಡಬ್ಬಿಯನ್ನು ತಬ್ಬಿಕೊಂಡು ಕೂರುವುದು ಹುಚ್ಚು ಎಂದರು ಎರಡನೇ ಮಹಡಿಯ ನಿವೃತ್ತ ಬ್ಯಾಂಕ್ ಅಧಿಕಾರಿ. ಎರಡೂ ಕಡೆ ಕಿಟಕಿ ಇರುವ ಇಂಥ ಮನೆಯನ್ನು ಈಗ ಯಾರು ಕಟ್ಟುತ್ತಾರೆ ಎಂದು ನಾನು ಕೇಳಿದೆ. ಮೊಣಕಾಲು ಸವೆದು, ಆಸ್ಪತ್ರೆಗಲ್ಲದೆ ಕೆಳಗಿಳಿಯದ ಮೂರನೇ ಮಹಡಿಯ ಅಜ್ಜಿ ಒಂದು ಮಹಡಿ ಹತ್ತಿ ಬಂದಿದ್ದರು. "ನಿಮ್ಮ ಗಾಳಿ ಬೆಳಕನ್ನು ನೀವೇ ತಿನ್ನಿ, ನನಗೆ ಲಿಫ್ಟ್ ಬೇಕು" ಎಂದರು. ನಾನು ಬಾಯಿ ಮುಚ್ಚಿಕೊಂಡೆ.

ತುಂಡನ್ನು ಕೈಗೆತ್ತಿಕೊಂಡು ನೋಡಿದೆ. ಒಂದು ಮಗ್ಗುಲಲ್ಲಿ ಕಂಬಿ ಕೂತಿದ್ದ ಗೆರೆ, ಗೆರೆಯ ತುಂಬ ಕುಂಕುಮದಂಥ ತುಕ್ಕು. ನೀರು ಇಳಿದು ಕಂಬಿ ತುಕ್ಕು ಹಿಡಿದರೆ ಊದಿಕೊಳ್ಳುತ್ತದೆ, ಊದಿ ಮೇಲಿನ ಕಾಂಕ್ರೀಟನ್ನೇ ಒಡೆದು ತಳ್ಳುತ್ತದೆ. ತುಕ್ಕು ಕೆರೆದು, ಲೇಪ ಬಳಿದು, ಮತ್ತೆ ಗಾರೆ ಕಟ್ಟಬಹುದು. ಆದರೆ ಅದಕ್ಕೆ ಕೈಯಿಂದ ದುಡ್ಡು ಹಾಕಬೇಕು. ಬಿಲ್ಡರಾದರೋ ಹೊಸ ಮನೆಯನ್ನೂ ಅಲ್ಲಿಯವರೆಗಿನ ಬಾಡಿಗೆಯನ್ನೂ ತಾನೇ ಕೊಡುತ್ತಾನಂತೆ!

ಆ ಹೊತ್ತಿಗೆ ನೆಲಮಹಡಿಯ ಹಿಂಬದಿ ಮನೆಯ ಇಬ್ಬರು ನರ್ಸುಗಳು ಬಟ್ಟೆ ಒಣಹಾಕಲು ಬಂದರು. ಬಾಡಿಗೆದಾರರನ್ನು ಸಭೆಗೆ ಕರೆದಿರಲಿಲ್ಲ. ಕರೆಯಬೇಕೆಂದು ನನಗೂ ಹೊಳೆದಿರಲಿಲ್ಲ. ಬಕೆಟ್ ಕೆಳಗಿಟ್ಟು ಒಬ್ಬಾಕೆ ಕೇಳಿದಳು: "ಒಡೆಯುವುದು ಯಾವ ತಿಂಗಳು ಸಾರ್?"

ಯಾರಿಗೂ ಉತ್ತರ ಗೊತ್ತಿರಲಿಲ್ಲ. ಆಕೆ ರಾತ್ರಿ ಪಾಳಿ ಮುಗಿಸಿ ನಡೆದೇ ಬರುವಷ್ಟು ಹತ್ತಿರದಲ್ಲಿ ಮನೆ ಸಿಕ್ಕಿದ್ದು ಈ ಪೈಪು, ಈ ಕಪ್ಪು, ಈ ಪಾರಿವಾಳಗಳ ದಯೆಯಿಂದ. ನೋಡಲು ಚೆಂದವಾಗಿದ್ದರೆ ಆ ಬಾಡಿಗೆಗೆ ಇಲ್ಲಿ ಗ್ಯಾರೇಜೂ ಸಿಗುತ್ತಿರಲಿಲ್ಲ.

ಒಪ್ಪಿಗೆ ಪತ್ರ ಸುತ್ತಿ ಬಂತು. ಹನ್ನೊಂದು ಸಹಿ ಬಿದ್ದವು. ಒಡೆದು ಕಟ್ಟಲೆಂದು 1972ರ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯ ವ್ಯಾಪ್ತಿಯಿಂದ ಆಸ್ತಿಯನ್ನು ಬಿಡಿಸಲು ಎಲ್ಲ ಮಾಲೀಕರೂ ಒಪ್ಪಬೇಕು. ನಾನು ಪೆನ್ನು ಹಿಡಿದೆ, ಅಜ್ಜಿಯ ಮೊಣಕಾಲು ನೋಡಿದೆ, ಹಗ್ಗದ ಮೇಲಿನ ಬಿಳಿ ಸಮವಸ್ತ್ರ ನೋಡಿದೆ, ಮುಂದಿನ ವಾರ ಹೇಳುತ್ತೇನೆ ಎಂದೆ. ಹೇಡಿತನವೇ, ಒಪ್ಪುತ್ತೇನೆ.

ಅಷ್ಟರಲ್ಲಿ ಗಾಳಿ ಬೀಸಿ ಹಾಳೆ ಹಾರಿತು. ಬಕೆಟ್ ಬಿಟ್ಟು ಓಡಿ ಅದನ್ನು ಹಿಡಿದು ತಂದವಳು ಆ ನರ್ಸೇ. ಅಜ್ಜಿ ಹಾಳೆಯನ್ನು ಮೇಜಿನ ಮೇಲೆ ನೇವರಿಸಿ, ಹಾರದಂತೆ ಕಾಂಕ್ರೀಟು ತುಂಡನ್ನು ಮೇಲಿಟ್ಟರು.